ಹದಿನೇಳನೆಯ ಫಾರಂ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಯಾರ ಕಾದಂಬರಿಯ ನೆಪದಲ್ಲಿ ನಾವೆಲ್ಲ ಇಲ್ಲಿ ಸೇರಿದ್ದೇವೋ ಆ ಲೇಖಕಿಯವರೇ, ನನ್ನನ್ನು ಮೈಕಿನ ಮುಂದೆ ತಂದು ನಿಲ್ಲಿಸಿ ಈಗಾಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಗ್ರಂಥಾಲಯದ ಕಾರ್ಯದರ್ಶಿಗಳೇ, ಭಾಷಣದ ಹೊತ್ತಿನಲ್ಲೂ ಪೇಪರು ಬಿಡದ ಹಿಂದಿನ ಸಾಲಿನ ನಿತ್ಯದ ಓದುಗರೇ, ತಾಯಂದಿರೇ, ಸಭಿಕರೇ,

ನಿಮ್ಮಲ್ಲಿ ಬಹಳಷ್ಟು ಜನರಿಗೆ ನನ್ನ ಮುಖದ ಪರಿಚಯವಿಲ್ಲ. ತಪ್ಪು ನಿಮ್ಮದಲ್ಲ. ಮೂವತ್ತೊಂದು ವರ್ಷದಿಂದ ನಾನು ಈ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕುಳಿತು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೇನೆ. ನಾನು ಬೈಂಡರ್. ಪುಸ್ತಕದ ಒಳಗೆ ಏನಿದೆ ಎನ್ನುವುದು ಬರೆದವರ ಜವಾಬ್ದಾರಿ. ಒಳಗಿರುವುದು ಹೊರಗೆ ಬೀಳದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಈ ಮಾತನ್ನು ಬಹಳ ಹೆಮ್ಮೆಯಿಂದ ಹೇಳಬೇಕೆಂದು ಮನೆಯಲ್ಲೇ ಬರೆದುಕೊಂಡು ಬಂದಿದ್ದೆ. ಹೇಳಿದ ಮೇಲೆ ಯಾಕೋ ಮುಜುಗರವಾಗುತ್ತಿದೆ. ಇರಲಿ, ಮುಂದಕ್ಕೆ ಹೋಗೋಣ.

ಇಷ್ಟು ದೊಡ್ಡ ಸಭೆಯಲ್ಲಿ ಬೈಂಡರನಿಗೇನು ಕೆಲಸ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ನಮ್ಮ ಗ್ರಂಥಾಲಯದಲ್ಲಿ ಒಂದು ಪದ್ಧತಿ ಇದೆ. ಹೊಸ ಪುಸ್ತಕ ಬಂದರೆ ಅದು ನೇರವಾಗಿ ಕಪಾಟಿಗೆ ಹೋಗುವುದಿಲ್ಲ, ನನ್ನ ಕೋಣೆಗೆ ಬರುತ್ತದೆ. ತೆಳ್ಳನೆಯ ಹೊದಿಕೆ ತೆಗೆದು, ಬಿಚ್ಚಿ, ಮತ್ತೆ ಹೊಲಿದು, ಗಟ್ಟಿ ರಟ್ಟು ಹಾಕಿ, ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಅಂಟಿಸುತ್ತೇನೆ. ಅದಕ್ಕೆ ಅಭಿಪ್ರಾಯ ಹಾಳೆ ಎಂದು ಹೆಸರು. ಓದಿದವರು ಹೆಸರು ಹಾಕದೆ ತಮಗನ್ನಿಸಿದ್ದನ್ನು ಅಲ್ಲಿ ಬರೆಯಬಹುದು. ಹಾಳೆ ತುಂಬಿದರೆ ಹೊಸ ಹಾಳೆ ಸೇರಿಸುವವನು ನಾನೇ. ಹಾಗಾಗಿ ಯಾವ ಪುಸ್ತಕವನ್ನು ಜನ ಹೊಗಳಿದರು, ಯಾವುದನ್ನು ಉಗಿದರು ಎನ್ನುವುದು ಈ ಊರಿನಲ್ಲಿ ನನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಕಾರ್ಯದರ್ಶಿಗಳು ಅದಕ್ಕೇ ನನ್ನನ್ನು ಹಿಡಿದರು. "ಓದುಗರು ಏನಂದ್ರು ಅಂತ ಐದು ನಿಮಿಷ ಹೇಳಿ ಇಳಿದ್ಬಿಡಿ. ಒಳ್ಳೇದು ಒಂದಷ್ಟು, ಬಹಳ ಒಳ್ಳೇದು ಒಂದಷ್ಟು, ಸಾಕು" ಅಂದರು. ಅವರ ಮಾತನ್ನು ಅರ್ಧ ಪಾಲಿಸುತ್ತೇನೆ.

ಈ ಕಾದಂಬರಿಗೆ ನಲವತ್ತೊಂದು ಅಭಿಪ್ರಾಯಗಳು ಬಂದಿವೆ. ಮೂರು ವರ್ಷದಲ್ಲಿ ಇನ್ನಾವ ಪುಸ್ತಕಕ್ಕೂ ಇಷ್ಟು ಬಂದಿಲ್ಲ. ಒಬ್ಬರು ಬರೆದಿದ್ದಾರೆ: "ಬಸ್ಸಿನಲ್ಲಿ ಓದಿದೆ. ಇಳಿಯಬೇಕಾದ ಕಡೆ ಇಳಿಯಲಿಲ್ಲ." ಇನ್ನೊಬ್ಬರು: "ಕುಡುಕರ ಮನೆ ಕಥೆ ಓದಲು ಪುಸ್ತಕ ಯಾಕೆ, ನಮ್ಮ ಪಕ್ಕದ ಗೋಡೆಗೆ ಕಿವಿ ಇಟ್ಟರೆ ಸಾಕು." ಒಬ್ಬ ಅಕ್ಕ ಬರೆದಿದ್ದಾರೆ: "ತಮ್ಮನಿಗೆ ಬುದ್ಧಿ ಬರಲಿ ಎಂದು ಬಲವಂತವಾಗಿ ಓದಿಸಿದೆ. ಓದಿ ಮುಗಿಸಿದ ಖುಷಿಗೆ ಕುಡಿದು ಬಂದ." ಒಂದು ಕಡೆ ದಪ್ಪ ಅಕ್ಷರದಲ್ಲಿ, "ಈ ಪುಸ್ತಕ ಓದಿ ನಾನು ಬಿಟ್ಟೆ" ಎಂದಿದೆ. ಅದರ ಕೆಳಗೇ ಬೇರೆ ಕೈಬರಹದಲ್ಲಿ, "ಸುಳ್ಳು. ಇಂತಿ ಮನೆಯವರು." ಮತ್ತೊಂದು: "ಯಕೃತ್ತಿನ ವರ್ಣನೆ ಸರಿಯಾಗಿದೆ, ಮನುಷ್ಯನ ಬಗ್ಗೆ ಹೇಳಲಾರೆ." ಇದಕ್ಕೆ ಹೆಸರಿಲ್ಲ, ಆದರೆ ಓದುವುದಕ್ಕೆ ನನಗೆ ಅರ್ಧ ದಿನ ಹಿಡಿಯಿತಾದ್ದರಿಂದ ಬರೆದವರು ವೈದ್ಯರೇ ಇರಬೇಕು. ಅಧ್ಯಕ್ಷರು ನಗುತ್ತಿದ್ದಾರೆ. ಧನ್ಯವಾದ, ಡಾಕ್ಟರೇ.

ಇಲ್ಲಿಯವರೆಗೆ ಎಲ್ಲ ಸರಿ. ಒಂದೇ ಪುಸ್ತಕವನ್ನು ನಲವತ್ತೊಂದು ಜನ ಓದಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು ಇದ್ದದ್ದೇ. ಆದರೆ ಕೊನೆಯ ಭಾಗದ ಬಗ್ಗೆ ಬರೆದದ್ದನ್ನು ಓದುತ್ತಾ ಹೋದಂತೆ ನನಗೆ ತಲೆಬುಡ ಅರ್ಥವಾಗಲಿಲ್ಲ.

ಕಾದಂಬರಿ ಓದದವರಿಗಾಗಿ ಎರಡು ಮಾತು. ಲಿಫ್ಟ್ ರಿಪೇರಿ ಮಾಡುವ ಒಬ್ಬ ಮನುಷ್ಯ. ಒಳ್ಳೆಯ ಕೆಲಸಗಾರ, ಕೆಟ್ಟ ಕುಡುಕ. ಕೆಲಸ ಕಳೆದುಕೊಳ್ಳುತ್ತಾನೆ, ಮನೆಯಿಂದ ಹೊರಗೆ ಬೀಳುತ್ತಾನೆ, ಆಸ್ಪತ್ರೆ ಸೇರುತ್ತಾನೆ, ಪಡಬಾರದ ಪಾಡು ಪಟ್ಟು ಬಿಡುತ್ತಾನೆ. ಒಂದು ವರ್ಷ ಕುಡಿಯದೆ ಇದ್ದು ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಹೆಂಡತಿ ಬಾಗಿಲು ತೆಗೆಯುತ್ತಾಳೆ.

ಇದಾದ ಮೇಲೆ ಏನಾಗುತ್ತದೆ? ಅಲ್ಲೇ ಇರುವುದು ಗಲಾಟೆ. ಒಂದಷ್ಟು ಜನ, "ಸುಖಾಂತ. ಮನಸ್ಸು ತುಂಬಿ ಬಂತು" ಎಂದಿದ್ದಾರೆ. "ಬಾಗಿಲು ತೆಗೆದ ತಕ್ಷಣ ಎಲ್ಲ ಸರಿಹೋಯಿತೇ? ಮಕ್ಕಳ ಕಥೆ" ಎಂದು ಕೆಲವರು ಹಳಿದಿದ್ದಾರೆ. ಇನ್ನೊಂದಷ್ಟು ಜನ, "ಅವನು ಮತ್ತೆ ಕುಡಿದದ್ದನ್ನು ಓದಿ ಪುಸ್ತಕ ಎಸೆಯಬೇಕೆನ್ನಿಸಿತು" ಎಂದಿದ್ದಾರೆ. ಮತ್ತೆ ಯಾವಾಗ ಕುಡಿದ? ನಾನೂ ಪುಸ್ತಕ ಓದಿದ್ದೆ. ನಾನು ಓದಿದ್ದರಲ್ಲಿ ಅವನು ಕುಡಿಯಲಿಲ್ಲ!

ನಮ್ಮ ಮುಖ್ಯರಸ್ತೆಯ ಟೈಲರು ಮತ್ತು ಗಣಿತದ ಮೇಷ್ಟ್ರು ಇದೇ ವಿಷಯಕ್ಕೆ ಓದುವ ಕೋಣೆಯಲ್ಲಿ ಜಗಳವಾಡಿದ್ದು ನಿಮಗೆಲ್ಲ ಗೊತ್ತು. "ಆರನೇ ವರ್ಷ ಮತ್ತೆ ಶುರು ಹಚ್ಕೋತಾನ್ರೀ ಮೇಷ್ಟ್ರೇ!" "ನೀವು ಯಾವ್ದೋ ಬೇರೆ ಪುಸ್ತಕ ಓದಿದೀರ. ಅರ್ಧಂಬರ್ಧ ಓದಿ ಮಾತಾಡ್ಬೇಡಿ." "ಅರ್ಧ ಓದಿರೋದು ನೀವು!" ಅಂದಿನಿಂದ ಒಬ್ಬರು ಕಿಟಕಿ ಪಕ್ಕ, ಒಬ್ಬರು ಬಾಗಿಲ ಪಕ್ಕ. ಎರಡು ವರ್ಷ ಮಾತಿಲ್ಲ. ಮೇಷ್ಟ್ರೇ, ಟೈಲರಣ್ಣ, ಇಬ್ಬರೂ ಬಂದಿದ್ದೀರಿ. ನಿಮ್ಮಿಬ್ಬರ ಕ್ಷಮೆಯನ್ನೂ ನಾನು ಕೇಳಬೇಕು. ನೀವಿಬ್ಬರೂ ಹೇಳಿದ್ದು ನಿಜ.

ಹತ್ತು ದಿನದ ಹಿಂದೆ, ಈ ಭಾಷಣಕ್ಕೆಂದು ಎರಡೂ ಪ್ರತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಹೌದು, ಈ ಕಾದಂಬರಿಯದು ನಮ್ಮಲ್ಲಿ ಎರಡು ಪ್ರತಿ ಇವೆ. ಇಟ್ಟ ತಕ್ಷಣ ನನ್ನ ಹೆಬ್ಬೆರಳಿಗೆ ಗೊತ್ತಾಯಿತು. ಎರಡನೆಯ ಪ್ರತಿ ಒಂದು ಕೂದಲೆಳೆ ತೆಳ್ಳಗಿತ್ತು.

ಸಭಿಕರೇ, ಪುಸ್ತಕ ಎನ್ನುವುದು ಬಿಡಿ ಹಾಳೆಗಳ ಕಟ್ಟಲ್ಲ. ಒಂದು ದೊಡ್ಡ ಕಾಗದದ ಮೇಲೆ ಹದಿನಾರು ಪುಟ ಅಚ್ಚಾಗುತ್ತದೆ. ಅದನ್ನು ಮಡಿಸಿದರೆ ಒಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಈ ಕಾದಂಬರಿಯಲ್ಲಿ ಹದಿನೇಳು ಫಾರಂಗಳಿವೆ. ಎರಡನೆಯ ಪ್ರತಿಯಲ್ಲಿ ಹದಿನಾರೇ ಇದ್ದವು. ಇನ್ನೂರೈವತ್ತಾರನೆಯ ಪುಟದ ಕೊನೆಯ ಸಾಲಿನಲ್ಲಿ ಹೆಂಡತಿ ಬಾಗಿಲು ತೆಗೆಯುತ್ತಾಳೆ, ಅಲ್ಲಿಗೆ ಅಧ್ಯಾಯವೂ ಮುಗಿಯುತ್ತದೆ, ಅದರ ಮುಂದೆ ನನ್ನ ಅಭಿಪ್ರಾಯ ಹಾಳೆ. ಯಾರಿಗೆ ಅನುಮಾನ ಬರಬೇಕು? ಪುಟದ ನಡುವೆ ಕಡಿದಿದ್ದರೆ ಮೊದಲನೆಯ ಓದುಗನೇ ಬಂದು ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದ. ಎಷ್ಟು ಚೆನ್ನಾಗಿ ತಪ್ಪು ಮಾಡಿದ್ದೆ ನೋಡಿ! ಆ ಹದಿನೇಳನೆಯ ಫಾರಂ ನನ್ನ ಕೋಣೆಯಲ್ಲೇ, ಕಟಿಂಗ್ ಮೆಷಿನ್ನಿನ ಕೆಳಗಿನ ರದ್ದಿಯಲ್ಲಿ, ಮೂರು ವರ್ಷದ ಧೂಳು ತಿಂದುಕೊಂಡು ಬಿದ್ದಿತ್ತು.

ಲೇಖಕಿಯವರೇ, ತಾವು ಬರೆದ ಕಾದಂಬರಿಯನ್ನು ಈ ಊರಿನ ಅರ್ಧ ಜನಕ್ಕೆ ನಾನು ಕತ್ತರಿಸಿ ಕೊಟ್ಟೆ. ಕೊನೆ ಸಪ್ಪೆ ಎಂದು ಬಂದ ಹದಿಮೂರು ಅಭಿಪ್ರಾಯಗಳು ತಮ್ಮ ಲೆಕ್ಕಕ್ಕಲ್ಲ, ನನ್ನ ಲೆಕ್ಕಕ್ಕೆ. ಕೈಮುಗಿದು ಕ್ಷಮೆ ಕೇಳುತ್ತೇನೆ. ನಾನು ಪ್ರತಿ ಪುಸ್ತಕದ ಫಾರಂಗಳನ್ನು ಮೂರು ಸಲ ಎಣಿಸುವವನು. ಬಿಚ್ಚುವಾಗ ಒಂದು ಸಲ, ಹೊಲಿಯುವ ಮುಂಚೆ ಒಂದು ಸಲ, ಹೊಲಿದ ಮೇಲೆ ಒಂದು ಸಲ. ಅಂಥವನಿಗೆ ಹೀಗೆ ಹೇಗಾಯಿತು? ಆ ದಿನ ನನಗೆ ಜ್ವರ ಇತ್ತು. ಕೈ ನಡುಗುತ್ತಿತ್ತು. ಅಷ್ಟೇ. ಮಗಳ ಹೆರಿಗೆಗೆಂದು ನನ್ನ ಹೆಂಡತಿ ಹೋಗಿದ್ದ ವಾರ ಅದು, ಮನೆಯಲ್ಲಿ ಒಬ್ಬನೇ ಇದ್ದೆ, ಜ್ವರ ಬಂದಿತ್ತು.

ಒಂದು ನಿಮಿಷ ಕ್ಷಮಿಸಿ. ನೀರು ಕುಡಿಯುತ್ತೇನೆ.

ನನ್ನ ಹೆಂಡತಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಇಷ್ಟು ಹೊತ್ತು ಪಕ್ಕದವರ ಜೊತೆ ನಗುತ್ತಿದ್ದಳು. ಜ್ವರ ಎಂದ ತಕ್ಷಣ ತಲೆ ಎತ್ತಿ ನೋಡಿದಳು. ಆ ವಾರ ದಿನಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೆವು. ಅವಳು ಕೇಳಿದ ಮೊದಲ ಪ್ರಶ್ನೆಯೇ "ಹುಷಾರಾಗಿದೀರೇನ್ರೀ?" "ಗುಂಡುಕಲ್ಲಿನ ಹಾಗಿದೀನಿ" ಎಂದಿದ್ದೆ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ತಪ್ಪು ವಿಳಾಸ ಅವಳ ಕಣ್ಣಿಗೆ ಬೀಳದೆ ಇರುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದೂ ಇರಲಿಲ್ಲ.

ಜ್ವರ ಇರಲಿಲ್ಲ, ಸಭಿಕರೇ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. "ಎಂಟು ನಿಮಿಷ ಆಯ್ತು." ಗೊತ್ತು ಸರ್. ಇಳಿಯಬೇಕೆಂದೇ ನನಗೂ ಆಸೆ. ಇಳಿದರೆ ಮತ್ತೆ ಯಾವತ್ತೂ ಹೇಳುವುದಿಲ್ಲ ಎನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿದೆ.

ನಾನು ಕುಡಿಯುತ್ತಿದ್ದೆ. ಹಳಬರಿಗೆ ಗೊತ್ತು. ಪ್ರೌಢಶಾಲೆಯ ಹಾಜರಿ ಪುಸ್ತಕಕ್ಕೆ ತಲೆಕೆಳಗಾಗಿ ರಟ್ಟು ಹಾಕಿ ಕೊಟ್ಟು, ಇಡೀ ವರ್ಷ ಮೇಷ್ಟ್ರುಗಳು ಹಿಂದಿನಿಂದ ಮುಂದಕ್ಕೆ ಹಾಜರಿ ಕೂಗಿದ್ದು ನನ್ನ ಕಾಲದಲ್ಲೇ. ಊರು ನಕ್ಕಿತು, ನಾನೂ ನಕ್ಕೆ. ನನ್ನ ಹೆಂಡತಿ ನಗಲಿಲ್ಲ. ಬೈಯಲೂ ಇಲ್ಲ. ಮಗಳನ್ನು ಕರೆದುಕೊಂಡು ಅವಳ ಅಕ್ಕನ ಮನೆಗೆ ಹೋದಳು. ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ನಾನು ಬಿಟ್ಟೆ. ಹೇಗೆ ಬಿಟ್ಟೆ ಎಂದು ಹೇಳುವುದಿಲ್ಲ, ಲೇಖಕಿಯವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ವಾಪಸು ಬಂದ ದಿನ ಅವಳು ಚಪ್ಪಲಿ ಬಿಡುವ ಮೊದಲೇ ಒಂದು ಮಾತು ಹೇಳಿದಳು: "ನೋಡಿ, ಇನ್ನೊಂದು ಸಲ ಆದ್ರೆ ನಂಗೆ ಜಗಳ ಆಡೋ ಶಕ್ತಿ ಇಲ್ಲ. ನನ್ನ ದಾರಿ ನಂಗೆ." ಅದಾಗಿ ಹನ್ನೊಂದು ವರ್ಷ. ಹನ್ನೊಂದು ವರ್ಷ ಕುಡಿದಿಲ್ಲ ಎಂದು ಅವಳು ನೆಂಟರ ಮುಂದೆ ಹೇಳಿಕೊಳ್ಳುತ್ತಾಳೆ. ಹೇಳುವಾಗ ಅವಳ ಮುಖ ನೋಡಬೇಕು ನೀವು. ಒಂದು ದಿನ ಕಡಿಮೆ, ಸಭಿಕರೇ. ಹನ್ನೊಂದು ವರ್ಷಕ್ಕೆ ಒಂದು ದಿನ ಕಡಿಮೆ.

ಅದಕ್ಕೆ ಕಾರಣ ಏನು? ಕಾದಂಬರಿಯಲ್ಲಾದರೆ ಒಂದು ಸಾವೋ, ಅವಮಾನವೋ ಇರುತ್ತಿತ್ತು. ನನಗೆ ಏನೂ ಇರಲಿಲ್ಲ. ಆ ವಾರ, ನಾನು ಕೆಲಸ ಕಲಿತ ಅಚ್ಚುಕೂಟದ ಫೋರ್‌ಮನ್ ನಿವೃತ್ತರಾದರು. ಮಧ್ಯಾಹ್ನ ಊಟಕ್ಕೆ ಕರೆದರು. ಮೆಷಿನ್ನಿನ ಹಿಂದೆ, ಕಾಗದದ ಬಂಡಲುಗಳ ಮೇಲೆ ಕೂತು ಊಟ. "ನಾಳೆಯಿಂದ ನಾನ್ಯಾರೋ ನೀನ್ಯಾರೋ. ಒಂದೇ ಒಂದು ತಗೊಳ್ಳಪ್ಪ, ಗುರುವಿನ ಮರ್ಯಾದೆಗೆ" ಅಂದರು. ಕೆಲಸ ಕಲಿಸಿದವರು. ಒಂದೇ ಎಂದು ತೆಗೆದುಕೊಂಡೆ. ಒಂದು ಎನ್ನುವ ಸಂಖ್ಯೆ ನನ್ನಂಥವರಿಗೆ ಬರುವುದಿಲ್ಲ. ಮೂರು ಗಂಟೆಗೆ ವಾಪಸು ಬಂದು, ಬಾಗಿಲು ಹಾಕಿಕೊಂಡು, ನಾನು ಚೆನ್ನಾಗಿಯೇ ಇದ್ದೇನೆ ಎಂದು ನನಗೇ ತೋರಿಸಲು ಒಂದು ಪುಸ್ತಕ ಕೈಗೆತ್ತಿಕೊಂಡು ಹೊಲಿದೆ. ನೀಟಾಗಿಯೇ ಹೊಲಿದೆ. ಕುಡಿತ ಬಿಟ್ಟವನೊಬ್ಬನ ಕಥೆ. ಕೈಗೆ ಸಿಕ್ಕಿದ್ದು ಅದೇ. ಮಾರನೆಯ ದಿನ ನಾಚಿಕೆಯಿಂದ ಸಾಯುವ ಹಾಗಾಯಿತು. ಅವತ್ತಿನಿಂದ ಇವತ್ತಿನವರೆಗೆ ಮತ್ತೆ ಮುಟ್ಟಿಲ್ಲ. ಇದನ್ನು ನೀವು ನಂಬಬೇಕೆಂದು ನಾನು ಹೇಗೆ ಕೇಳಲಿ? ಈಗಷ್ಟೇ ಜ್ವರ ಬಂದಿತ್ತು ಎಂದವನು ನಾನು.

ಇದನ್ನೆಲ್ಲ ಮನೆಯಲ್ಲಿ ಹೇಳಬೇಕಿತ್ತು. ಹತ್ತು ದಿನ ಪ್ರಯತ್ನಪಟ್ಟೆ. ಊಟಕ್ಕೆ ಕೂತಾಗ, ಬಟ್ಟೆ ಒಣಹಾಕುವಾಗ, "ಇವಳೇ" ಎಂದು ಶುರು ಮಾಡುತ್ತಿದ್ದೆ. "ಏನ್ರೀ?" ಎನ್ನುತ್ತಿದ್ದಳು. "ಏನಿಲ್ಲ, ಉಪ್ಪು ಸರಿಯಾಗಿದೆ" ಎನ್ನುತ್ತಿದ್ದೆ. ಹತ್ತು ದಿನ ಉಪ್ಪು ಹೊಗಳಿಸಿಕೊಂಡ ಹೆಂಗಸು ಇವಳೊಬ್ಬಳೇ ಇರಬೇಕು. ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು, ಬೈಂಡಿಂಗ್ ದೋಷ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾನು ಎರಡನೆಯ ಪ್ರತಿಯ ಅಭಿಪ್ರಾಯ ಹಾಳೆಯ ಕೊನೆಯವರೆಗೂ ಓದಿಬಿಟ್ಟಿದ್ದೆ.

ಅದರಲ್ಲಿ ಹದಿನೇಳನೆಯ ಅಭಿಪ್ರಾಯಕ್ಕೆ ಕೊನೆಯ ಪದದ ಕೆಳಗೆ ದಪ್ಪ ಗೆರೆ ಎಳೆದಿದೆ. ಕಾಗದದ ಮೇಲೆ ವಿಳಾಸ ಬರೆದು ಊರಿನ ಹೆಸರಿನ ಕೆಳಗೆ ಹಾಗೆ ಗೆರೆ ಎಳೆಯುವುದು ನನ್ನ ಹೆಂಡತಿಯ ರೂಢಿ. ಅವಳು ಈ ಕಾದಂಬರಿ ಓದಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಅವಳು ಬರೆದಿದ್ದಾಳೆ: "ಮಕ್ಕಳ ಕಥೆ ಎಂದು ಮೇಲೆ ಯಾರೋ ಬರೆದಿದ್ದಾರೆ. ಅವರಿಗೆ ಗೊತ್ತಿಲ್ಲ. ಬಿಟ್ಟವರು ಮತ್ತೆ ಮುಟ್ಟದೆ ಇರುತ್ತಾರೆ. ನಮ್ಮ ಮನೆಯಲ್ಲೇ ನೋಡಿದ್ದೇನೆ."

ನೋಡಿದ್ದೇನೆ ಎನ್ನುವುದರ ಕೆಳಗೆ ಗೆರೆ.

ನನಗೆ ಏನೂ ತಿಳಿಯುತ್ತಿಲ್ಲ, ಸಭಿಕರೇ. ಅವಳು ಬರೆದದ್ದು ನಿಜವೇ, ಸುಳ್ಳೇ? ಹದಿನಾರು ಫಾರಂನವರೆಗೆ ನಿಜ. ನನ್ನಿಂದಾಗಿ ಅವಳಿಗೆ ಸಿಕ್ಕಿದ್ದು ಅಷ್ಟೇ. ಪುಸ್ತಕದಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ. ಉಳಿದದ್ದನ್ನು ಕೊಟ್ಟು ಅವಳ ನೆಮ್ಮದಿ ಕಸಿಯುವುದು ನ್ಯಾಯವೋ, ಕೊಡದೆ ಬಚ್ಚಿಟ್ಟುಕೊಂಡು ಅವಳ ಹೆಮ್ಮೆ ಅನುಭವಿಸುವುದು ನ್ಯಾಯವೋ? ಒಂದು ದಿನ ಹೇಳಬೇಕು ಅನ್ನಿಸುತ್ತದೆ, ಒಂದು ದಿನ ಛೇ, ಬೇಡ ಅನ್ನಿಸುತ್ತದೆ.

ಆ ಹದಿನಾರು ಪುಟಗಳನ್ನು ನಾನು ಮೊದಲ ಸಲ ಓದಿದ್ದು ಹತ್ತು ದಿನದ ಹಿಂದೆ, ರದ್ದಿಯ ಪಕ್ಕ ನೆಲದ ಮೇಲೆ ಕೂತು. ಲಿಫ್ಟಿನವನು ಆರನೆಯ ವರ್ಷ ಒಂದು ದಿನ ಕುಡಿಯುತ್ತಾನೆ. ಅವತ್ತೇ ಮನೆಗೆ ಬಂದು ಹೆಂಡತಿಗೆ ಹೇಳುತ್ತಾನೆ. ಅವತ್ತೇ! ನನಗಿಂತ ಗಟ್ಟಿಗ. ಅವಳು, "ಐದು ವರ್ಷ ನಿಂತಿದ್ರಲ್ಲ. ಇವತ್ತು ಬಿದ್ರಿ. ನಾಳೆ ಎದ್ದೇಳಿ" ಎನ್ನುತ್ತಾಳೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ಓದಿ ನಾನು ಅತ್ತೆ. ಆಮೇಲೆ ಮೊದಲನೆಯ ಪ್ರತಿಯ ಅಭಿಪ್ರಾಯ ಹಾಳೆ ನೋಡಿದರೆ ಒಬ್ಬರು, "ಯಾವ ಹೆಂಡತಿಯೂ ಹೀಗೆ ಹೇಳುವುದಿಲ್ಲ. ಇದನ್ನು ಬರೆದವರು ಗಂಡಸರೇ ಇರಬೇಕು" ಎಂದಿದ್ದಾರೆ. ಅದರ ಕೆಳಗೆ ಇನ್ನೊಬ್ಬರು: "ನನ್ನ ತಾಯಿ ಹೀಗೆಯೇ ಹೇಳುತ್ತಿದ್ದಳು. ಏನೂ ಉಪಯೋಗವಾಗಲಿಲ್ಲ." ಲೇಖಕಿಯವರೇ, ತಾವು ಹೆಂಗಸು. ತಾವೇ ಹೇಳಬೇಕು. ಆ ಹೆಂಡತಿಯನ್ನು ಎಲ್ಲಿ ನೋಡಿದಿರಿ? ನಿಜವಾಗಿ ನೋಡಿದಿರೋ, ಇರಲಿ ಎಂದು ಬರೆದಿರೋ? ಇದು ವಿಮರ್ಶೆಯ ಪ್ರಶ್ನೆಯಲ್ಲ. ನನಗೆ ತಿಳಿಯಲೇಬೇಕಾಗಿದೆ. ಬೇಡ, ಈಗ ಉತ್ತರ ಕೊಡಬೇಡಿ, ತಮ್ಮ ಸರದಿ ಬಂದಾಗ ಹೇಳಿ.

ಇವಳೇ, ಸಭೆಯಲ್ಲಿ ಹೀಗೆ ಹೇಳಿಬಿಟ್ಟೆ. ಎಲ್ಲರೆದುರು ಹೇಳಿ ನಿನ್ನ ಬಾಯಿ ಕಟ್ಟಿ ಹಾಕಬೇಕೆಂದಲ್ಲ. ಮನೆಯಲ್ಲಿ ನಾಲಿಗೆ ಏಳಲಿಲ್ಲ, ಇಲ್ಲಿ ಸುಳ್ಳು ಹೇಳಲು ಹೋಗಿ ಸಿಕ್ಕಿಬಿದ್ದೆ. ಮಾತು ಆಡಿದರೆ ಹೋಯಿತು. ನಿನಗೆ ಏನನ್ನಿಸುತ್ತದೋ ನನಗೆ ಗೊತ್ತಿಲ್ಲ. ಮೂವತ್ತು ವರ್ಷ ಜೊತೆಗಿದ್ದೂ ಗೊತ್ತಿಲ್ಲ.

ಎದ್ದಳು.

ದಯವಿಟ್ಟು ಆ ಸಾಲಿನವರು ಸ್ವಲ್ಪ ಕಾಲು ಸರಿಸಿ, ಅವಳಿಗೆ ದಾರಿ ಬಿಡಿ. ಯಾರೂ ತಡೆಯಬೇಡಿ. ಟೈಲರಣ್ಣ, ನೀವು ಕೂತ್ಕೊಳ್ಳಿ. ಹೋಗುವವರನ್ನು ತಡೆದು ಪ್ರಯೋಜನವಿಲ್ಲ, ಅವಳು ಮೊದಲೇ ಹೇಳಿದ್ದಳು, ನಾನು ಒಪ್ಪಿದ್ದೆ. ವಂದನೆಗಳನ್ನಾದರೂ ಬೇಗ ಹೇಳಿ ಮುಗಿಸುತ್ತೇನೆ. ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಎರಡನೆಯ ಚೀಟಿ ಕಳಿಸದೆ ಕೈಯಲ್ಲೇ ಹಿಡಿದುಕೊಂಡಿರುವ ಕಾರ್ಯದರ್ಶಿಗಳಿಗೆ, ಲೇಖಕಿಯವರಿಗೆ, ಹೆಸರು ಹಾಕದೆ ಮನಸ್ಸು ಬಿಚ್ಚಿ ಬರೆದ ನಲವತ್ತೊಂದು ಓದುಗರಿಗೆ...

ಅವಳು ಹೊರಗೆ ಹೋಗಲಿಲ್ಲ. ಬಾಗಿಲ ಪಕ್ಕದ ಮೇಜಿನ ಹತ್ತಿರ ನಿಂತಿದ್ದಾಳೆ. ಇವತ್ತಿನ ಪ್ರದರ್ಶನಕ್ಕೆಂದು ಎರಡೂ ಪ್ರತಿಗಳನ್ನು ಅಲ್ಲೇ ಇಟ್ಟಿದ್ದಾರೆ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದಳು. ಒಂದನ್ನು ಕೆಳಗಿಟ್ಟಳು. ದಪ್ಪಗಿರುವುದನ್ನು ಹಿಂದಿನಿಂದ ತೆರೆದಳು. ನಿಂತೇ ಓದುತ್ತಿದ್ದಾಳೆ. ಇಲ್ಲಿಂದ ಅವಳ ಮುಖ ಕಾಣಿಸುತ್ತಿಲ್ಲ, ತಲೆ ಬಗ್ಗಿಸಿದ್ದಾಳೆ.

ಒಂದು ಪುಟ ತಿರುಗಿಸಿದಳು.

ನನ್ನ ಮಾತು ಇಲ್ಲಿಗೆ ಮುಗಿಯಿತು. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ, ಅವಳು ಓದುತ್ತಿದ್ದಾಳೆ. ನಮಸ್ಕಾರ.